ಹನ್ನೊಂದನೇ ಸ್ಲೈಡು

ಕ್ರೇಗ್ ಲಿಂಡ್‌ಹೋಮ್ ಹನ್ನೊಂದನೇ ಸ್ಲೈಡನ್ನು ಮತ್ತೆ ಕೊನೆಯ ಅನುಬಂಧಕ್ಕೆ ತಳ್ಳಿದ್ದ. ಇದು ನಾಲ್ಕನೇ ಸಲ. ವಾಂಡಾ ಪಿಲಾರ್‌ಸ್ಕಿಗೆ ಮೈಯೆಲ್ಲ ಉರಿದುಹೋಯಿತು. ಅಮೆರಿಕದ ಈರಿ ಪಟ್ಟಣದ ಒಂದು ಕಾರ್ಖಾನೆಯಲ್ಲಿ ಸುರಕ್ಷತೆ ನೋಡಿಕೊಳ್ಳುವವಳು ಅವಳು. ನಿರ್ದೇಶಕ ಮಂಡಳಿಯ ಮುಂದೆ ಮಾತಾಡುವವನು ಮಾತ್ರ ಉಪಾಧ್ಯಕ್ಷ ಕ್ರೇಗ್. ಸ್ಲೈಡು ಮಾಡುವುದು, ಅವನು 'ಮುಂದೆ' ಅಂದಾಗ ಗುಂಡಿ ಒತ್ತುವುದು, ಇಷ್ಟೇ ಅವಳ ಪಾಲು.

ಆ ಸ್ಲೈಡಿನಲ್ಲಿದ್ದುದು ತಗಡು ಒತ್ತುವ ನಾಲ್ಕನೇ ನಂಬರಿನ ಪ್ರೆಸ್ಸಿನ ಚಿತ್ರ, ಕೆಳಗೊಂದು ಸಾಲು: ಎರಡು ವಾರ ನಿಲ್ಲಿಸಿ, ಕೈ ಸಿಕ್ಕಿಬೀಳದಂತೆ ಹೊಸ ಜಾಲರಿ ಹಾಕಬೇಕು. ಮಾರ್ಚ್‌ನಲ್ಲಿ ಅದು ಕೆಲಸಗಾರ ಓಟಿಸ್ ಬ್ರ್ಯಾಮ್ಲೆಟ್‌ನ ಮೂರು ಬೆರಳು ನುಂಗಿತ್ತು. ಈಗ ಅದರ ಮುಂದೆ ಲೂರ್ಡೆಸ್ ಎಂಬ ಹೆಣ್ಣುಮಗಳು ನಿಲ್ಲುತ್ತಿದ್ದಳು.

"ದೊಡ್ಡೋರಿಗೆ ಬೆಳವಣಿಗೆ ತೋರಿಸ್ಬೇಕು ಕಣೇ, ಬೆರಳಲ್ಲ," ಎಂದ ಕ್ರೇಗ್. "ಹನ್ನೆರಡು ನಿಮಿಷ, ಮೂರೇ ಮಾತು. ಮನಸ್ಸಿಗೆ ನಾಟೋದು ಹಾಗೆ."

"ಅನುಬಂಧ ಯಾರಾದ್ರೂ ಓದ್ತಾರಾ?"

"ಓದಲ್ಲ. ಅದಕ್ಕೇ ಅಲ್ಲಿ ಹಾಕಿರೋದು!" ಎಂದು ನಕ್ಕ.

ಆ ನಗುವನ್ನು ವಾಂಡಾ ಮರೆಯಲಿಲ್ಲ. ಮರುದಿನ ಸಭೆಗೆ ಮುಂಚೆ ಅವನು ನಿರ್ದೇಶಕರ ಕೈ ಕುಲುಕುತ್ತ ಹಲ್ಲು ಕಿರಿಯುತ್ತಿದ್ದಾಗ, ಆ ಸ್ಲೈಡನ್ನು ಎಳೆದು ಎರಡನೆಯದಾಗಿ ಇಟ್ಟಳು.

"ಮುಂದೆ," ಎಂದ ಕ್ರೇಗ್. ಪರದೆಯ ಮೇಲೆ ಪ್ರೆಸ್ಸು ಬಂತು. ಅವನ ಮುಖ ಬಿಳಿಚಿತು. "ಇದು ತಪ್ಪಿ ಬಂದಿದೆ. ಮುಂದೆ, ವಾಂಡಾ."

ಅವಳು ಒತ್ತಲಿಲ್ಲ.

"ಗುಂಡಿ ಕೆಟ್ಟಿದ್ಯಾ?"

"ಗುಂಡಿ ಸರಿಯಾಗೇ ಇದೆ. ಕೆಟ್ಟಿರೋದು ಕೆಳಗಡೆ ಇದೆ."

ಮಂಡಳಿಯ ಅಧ್ಯಕ್ಷೆ ಶ್ರೀಮತಿ ಥೇಯರ್ ಕನ್ನಡಕ ಸರಿಪಡಿಸಿಕೊಂಡು ಆ ಸಾಲನ್ನು ಓದಿದರು. "ಈ ಯಂತ್ರ ಈಗ್ಲೂ ನಡೀತಿದ್ಯಾ?"

"ಬೆಳಗ್ಗೆಯಿಂದ ನೀವೇ ಕೇಳಿಸ್ಕೊಳ್ತಿದ್ದೀರಲ್ಲ ಮೇಡಂ," ಎಂದಳು ವಾಂಡಾ. ಕೆಳಗಿನ ಅಂತಸ್ತಿನಿಂದ ಧಡ್ ಎಂದಿತು. ಮೇಜಿನ ಮೇಲಿನ ಲೋಟಗಳಲ್ಲಿ ನೀರು ಅಲುಗಿತು. "ಅದೇ ಇದು. ಪ್ರತಿ ಸದ್ದಿಗೂ ಮುಂಚೆ ಲೂರ್ಡೆಸ್ ಒಳಗೆ ಕೈ ಹಾಕಿ ತೆಗೀತಾಳೆ."

ಧಡ್. ಧಡ್.

"ಫೋನ್ ಮಾಡಿ ನಿಲ್ಸಿ ಕ್ರೇಗ್," ಎಂದರು ಅಧ್ಯಕ್ಷೆ. "ಅಲ್ಲೀವರೆಗೂ ಮುಂದಿನ ಸ್ಲೈಡು ಬೇಡ."

ಕ್ರೇಗ್ ವಾಂಡಾಳನ್ನು ಸುಟ್ಟುಬಿಡುವಂತೆ ನೋಡುತ್ತ ಫೋನೆತ್ತಿದ. ನಾಳೆ ತನ್ನ ಕೆಲಸ ಇರುತ್ತದೋ ಇಲ್ಲವೋ ಅವಳಿಗೆ ತಿಳಿಯದು. ಇನ್ನೂ ಎರಡು ಸಲ ಧಡ್ ಎಂದಿತು. ಆಮೇಲೆ ಲೋಟದ ನೀರು ಅಲುಗಲಿಲ್ಲ.