ಸುರಂಗದ ಎರಡನೆಯ ಬಾಯಿ

ಇಂಜಿನ್ನೇನೋ ಸುರಂಗ ದಾಟಿ ಹೊರಗೆ ಬಂತು. ಹಿಂದಿದ್ದ ಗೇಣುದ್ದದ ಡಬ್ಬಿ ಮಾತ್ರ ಸುರಂಗದ ಬಾಯಿಯ ಕಮಾನಿಗೆ ಸಿಕ್ಕಿ ಕಿರ್ರೆಂದಿತು. ಮನೋಹರ ಗಾಬರಿಯಿಂದ ಗುಂಡಿ ತಿರುಗಿಸಿ ಆಟಿಕೆ ರೈಲನ್ನು ನಿಲ್ಲಿಸಿದ.

"ಏನಾತು?" ಸ್ಟೂಲಿನ ಮೇಲೆ ಕೂತಿದ್ದ ತಾಯಿ ರತ್ನವ್ವ ಕೇಳಿದಳು.

"ಏನಿಲ್ಲವ್ವ, ತಡಿ."

ಏನಿಲ್ಲ ಎಂದರೆ ಹೇಗೆ? ಪಂಥವೇ ಇದಾಗಿತ್ತು. ಬೆಟಗೇರಿಯ ಆ ಮನೆಯಲ್ಲಿದ್ದ ದೊಡ್ಡ ಖೋಲಿ ಒಂದೇ. ಮೊಣಕಾಲು ಕೈಕೊಟ್ಟು ರತ್ನವ್ವ ಮಗ್ಗ ಬಿಚ್ಚಿಡಿಸಿದಾಗ, ನಲವತ್ತು ದಾಟಿದ ಮಗ ಅಲ್ಲಿ ಹಲಗೆ ಹಾಸಿ, ಹಳಿ ಜೋಡಿಸಿ, ಗುಡ್ಡ ಕಟ್ಟಿ ರೈಲಿನ ಊರನ್ನೇ ಎಬ್ಬಿಸಿದ್ದ. ಈಗ ಅವಳ ಕಾಲು ನೆಟ್ಟಗಾಗಿತ್ತು, ಕೈ ಸುಮ್ಮನಿರಲೊಲ್ಲದು. "ಇವತ್ತ ಒಂದ ಸುತ್ತ ಪೂರಾ ಓಡಿಸಿ ತೋರ್ಸು, ಖೋಲಿ ನಿಂದ. ಇಲ್ಲಾಂದ್ರ ನಾಳೆ ಮಗ್ಗ ಹೂಡತೇನಿ" ಎಂದು ಬೆಳಿಗ್ಗೆ ಕಡ್ಡಿ ತುಂಡು ಮಾಡಿದಂತೆ ಹೇಳಿದ್ದಳು. ಆಡಿದ ಮಾತಿಗೆ ತಪ್ಪುವ ಹೆಂಗಸಲ್ಲ.

ಮನೋಹರ ಬಗ್ಗಿ ನೋಡಿದ. ರಟ್ಟಿಗೆ ಪಿಒಪಿ ಗಾರೆ ಮೆತ್ತಿ, ದಬ್ಬಣದಿಂದ ಕಲ್ಲಿನ ಗೆರೆ ಕೊರೆದು, ಎರಡು ಕಮಾನುಗಳನ್ನೂ ಕೂದಲೆಳೆಯಷ್ಟು ಹೆಚ್ಚುಕಡಿಮೆಯಾಗದಂತೆ ಮಾಡಿದ್ದ. ನೇಕಾರರ ಮನೆಯ ಕೈ. ಸೀರೆಯ ಎರಡೂ ದಡಿ ಒಂದೇ ಅಗಲವಿರಬೇಕು. ಆದರೆ ಸುರಂಗದ ಒಂದು ಬಾಯಿ ನೇರ ಹಳಿಯ ಮೇಲಿತ್ತು, ಇನ್ನೊಂದು ತಿರುವಿನಲ್ಲಿ. ತಿರುವಿನಲ್ಲಿ ಉದ್ದನೆಯ ಡಬ್ಬಿಯ ಹೊಟ್ಟೆ ಒಳಮಗ್ಗುಲಿಗೆ ಚಾಚುತ್ತದೆ, ಬಾಯಿ ಅಗಲ ಬೇಕು. ಈ ಜಾಣ ಬರೀ ಇಂಜಿನ್ ಬಿಟ್ಟು ನೋಡಿ ಸಮಾಧಾನಪಟ್ಟಿದ್ದ!

"ಎರಡೂ ಒಂದ ಅಳತಿ ಇಟ್ಟೀಯಲ್ಲ," ರತ್ನವ್ವ ಎಂದಳು. "ನಾನ ಕಲಿಸಿದ್ದು."

ಅವನು ರೈಲನ್ನು ಹಿಂದಕ್ಕೆ ಸರಿಸಿ, ಕಮಾನಿನ ಒಳಮಗ್ಗುಲನ್ನು ಬ್ಲೇಡಿನಿಂದ ಕೆರೆಯತೊಡಗಿದ. ಚರ್ರೆಂದು ಒಂದು ಬಿರುಕು ಮೇಲಕ್ಕೆ ಓಡಿತು. ಕಮಾನು ಮುರಿದರೆ ಸುತ್ತೂ ಹೋಯಿತು, ಖೋಲಿಯೂ ಹೋಯಿತು.

"ಒಡಿತೈತಿ, ತಡಿಯಲೇ!" ರತ್ನವ್ವ ಎದ್ದು ಬಂದು ಕಮಾನನ್ನು ಎರಡೂ ಕೈಯಿಂದ ಅವುಚಿ ಹಿಡಿದಳು. "ಹೂಂ, ಈಗ ಕೆರಿ."

ಬ್ಲೇಡು ಜಾರಿ ಅವಳ ಹೆಬ್ಬೆರಳಿಗೆ ತಾಗಿತು. ರಕ್ತ ಜಿನುಗಿತು.

"ಅಯ್ಯ, ಅವ್ವ!"

"ನೀ ಕೆರಿ. ಬಿಟ್ರ ಮುರಿತೈತಿ."

ಸುಮ್ಮನೆ ಕೂತಿದ್ದರೂ ಗೆಲ್ಲುತ್ತಿದ್ದವಳು ಅವಳು. ಮನೋಹರ ಅವಳ ಬೆರಳನ್ನೇ ನೋಡುತ್ತ ಉಳಿದದ್ದನ್ನು ಕೆರೆದು ಮುಗಿಸಿದ.

ಮತ್ತೆ ಮೊದಲಿನಿಂದ, ಸ್ಟೇಷನ್ನಿನಿಂದಲೇ ರೈಲು ಬಿಟ್ಟ. ಇಂಜಿನ್ ದಾಟಿತು. ಡಬ್ಬಿಗಳೂ ಒಂದೊಂದಾಗಿ, ಎಲ್ಲೂ ತಾಗದೆ, ಹೊರಬಿದ್ದವು. ರತ್ನವ್ವ ಬಗ್ಗಿ ನೋಡುತ್ತಿದ್ದಳು. ಸ್ಟೇಷನ್ನು ಇನ್ನು ಗೇಣು ದೂರವಿದೆ ಎನ್ನುವಾಗ ರೈಲು ನಿಂತುಬಿಟ್ಟಿತು. ಮನೋಹರನ ಕೈ ಗುಂಡಿಯ ಮೇಲಿತ್ತು.

"ಯಾಕಲೇ, ಏನಾತು?"

"ಕರೆಂಟ್ ಹೋತವ್ವ. ನಾಳೆ ಮಗ್ಗ ಹೂಡು."

ತಲೆಯ ಮೇಲೆ ಫ್ಯಾನು ಗರಗರ ತಿರುಗುತ್ತಿತ್ತು. ರತ್ನವ್ವ ಅದನ್ನೊಮ್ಮೆ, ಮಗನನ್ನೊಮ್ಮೆ ನೋಡಿ, ಸೆರಗಿನ ಚುಂಗನ್ನು ಹೆಬ್ಬೆರಳಿಗೆ ಸುತ್ತಿಕೊಂಡಳು.