ನೆಗಡಿ ಹಿಡಿದ ದನಿ

"ನಮ್ಮ ನಿಲಯ ಮೊದಲ ಸಲ ಮಾತಾಡಿದ್ದು ನಲವತ್ತಾರು ವರ್ಷದ ಹಿಂದೆ, ಒಂದು ಸೋಮವಾರ," ಎಂದು ರೇಡಿಯೋದಲ್ಲಿ ಅಕ್ಕ ಶುರುಮಾಡಿದಾಗ ಟ್ರಾನ್ಸ್‌ಮಿಟರ್ ನೋಡಿಕೊಳ್ಳುವವನು ಊಟದ ಡಬ್ಬಿ ತೆರೆಯುತ್ತಿದ್ದ. ಸ್ಟುಡಿಯೋ ಊರೊಳಗೆ; ಇವನಿರುವುದು ಊರಾಚೆ, ಪ್ರಸಾರ ಗೋಪುರದ ಬುಡದ ಒಂಟಿ ಕೋಣೆಯಲ್ಲಿ. ಒಡಹುಟ್ಟಿದವಳೇನಲ್ಲ, ಕೇಳುಗರಿಗೆಲ್ಲ ಅವಳು ಅಕ್ಕ. ಆದರೆ ಅವಳು ಬಾಯ್ತುಂಬ ತಮ್ಮಾ ಎನ್ನುತ್ತಿದ್ದದ್ದು ಇವನೊಬ್ಬನಿಗೇ. ಆ ಜಂಬ ಇವನಿಗೆ ಇದ್ದೇ ಇತ್ತು.

ತಗಡಿನ ಶೆಡ್ಡಿನಲ್ಲಿ ವಾರ್ತೆ ಓದಿದ್ದು, ನೆರೆ ಬಂದ ವರ್ಷ ಮೂರು ದಿನ ಬಿಡದೆ ಕಾಣೆಯಾದವರ ಹೆಸರು ಹೇಳಿದ್ದು, ಎಲ್ಲ ಅವಳ ಮಾತಿನಲ್ಲಿ ಬಂತು. ಅಬ್ಬಾ, ಎಷ್ಟು ಚೆನ್ನಾಗಿ ಹೇಳುತ್ತಾಳೆ! ಅಷ್ಟರಲ್ಲಿ ಅದೇ ದನಿ, ಇವತ್ತು ಎರಡು ಗಂಟೆಗೆ ನಿಲಯ ಶಾಶ್ವತವಾಗಿ ಮುಚ್ಚುತ್ತದೆ ಎಂದಿತು.

ತುತ್ತು ಕೈಯಲ್ಲೇ ಉಳಿಯಿತು. ಸುದ್ದಿಗಿಂತ ಹೆಚ್ಚು ಚುಚ್ಚಿದ್ದು ಆ ದನಿ. ಅದು ಮೂಗು ಕಟ್ಟಿದ ದನಿ. ಬೆಳಿಗ್ಗೆ ಸ್ಟುಡಿಯೋದಿಂದ ಬರುವ ಲೈನ್ ಪರೀಕ್ಷಿಸುವಾಗ ಅವಳ ಗಂಟಲು ಚೆನ್ನಾಗಿಯೇ ಇತ್ತು. ನೆಗಡಿಯಾಗಿದ್ದು ತಿಂಗಳ ಹಿಂದೆ. ಫ್ಲಾಸ್ಕಿನಲ್ಲಿ ಬಿಸಿನೀರು ಕೊಂಡೊಯ್ದು ಕೊಟ್ಟವನೇ ಇವನು. ಅಂದರೆ ಆಗಲೇ ರೆಕಾರ್ಡ್ ಮಾಡಿಟ್ಟಿದ್ದಾಳೆ.

ಹದಿನೈದು ದಿನದ ಹಿಂದೆ ಬಂದರಿನ ನಿಲಯದಿಂದ ಇವನಿಗೆ ಕೆಲಸಕ್ಕೆ ಕರೆ ಬಂದಿತ್ತು. "ನೀನು ಹೋದ್ರೆ ನಾವು ಬಾಯಿ ಮುಚ್ಕೊಂಡು ಕೂತ್ಕೋಬೇಕಷ್ಟೆ," ಎಂದವಳೂ ಅವಳೇ. ಇವನು ಬರುವುದಿಲ್ಲ ಎಂದು ಬರೆದುಕೊಟ್ಟ. ಆ ಕೆಲಸ ಬೇರೆಯವನ ಪಾಲಾಯಿತು. ಈಗ ಇದೂ ಇಲ್ಲ. ಇವನು ಡಬ್ಬಿ ಪಕ್ಕಕ್ಕೆ ತಳ್ಳಿ ಸ್ಟುಡಿಯೋಗೆ ಫೋನು ತಿರುಗಿಸಿದ.

"ನಿಮಗೆ ಗೊತ್ತಿತ್ತಾ ಅಕ್ಕಾ?"

"ಯಾರಿಗೂ ಹೇಳ್ಬೇಡ ಅಂದಿದ್ರು ಕಣೋ, ಮೇಲಿನವ್ರು."

"ಯಾರಿಗೂ ಅಂದ್ರೆ ನನಗೂನಾ?"

"ಗೊತ್ತಾಗಿದ್ರೆ ನೀನು ಹೊರಟೇಬಿಡ್ತಿದ್ದೆ. ಆ ಹಳೇ ಮೆಷಿನ್ ನಡೆಸೋರು ಬೇರೆ ಯಾರಿದ್ರು ಹೇಳು? ಕೊನೇ ದಿನದ ತನಕ ನನ್ನ ದನಿ ನಿಲ್ಲಬಾರ್ದು ಅನ್ನಿಸ್ತು, ತಮ್ಮಾ."

"ತಮ್ಮ ಗಿಮ್ಮ ಎಲ್ಲ ಸಾಕು ಮಾಡಿ."

"ಬೈಯಿ, ಎಷ್ಟು ಬೇಕೋ ಅಷ್ಟು ಬೈಯಿ. ಕೊನೇಲಿ ನಿನ್ನ ಬಗ್ಗೇನೂ ಹೇಳಿದೀನಿ ಕಣೋ. ಅದು ಮುಗಿದ ಮೇಲೆ ಆಫ್ ಮಾಡು, ಆಯ್ತಾ?"

ಇವನು ಫೋನಿಟ್ಟ.

ಎರಡಕ್ಕೆ ನಾಲ್ಕು ನಿಮಿಷವಿತ್ತು. ರೇಡಿಯೋದಲ್ಲಿ ಅಕ್ಕ, ವಾರ್ತೆ ಓದಿದವರಿಗೆ, ಹಾಡಿದವರಿಗೆ, ಪತ್ರ ಬರೆದವರಿಗೆ ವಂದನೆ ಹೇಳಿ ಮುಗಿಸಿದಳು. "ಇನ್ನೊಬ್ಬನಿದ್ದಾನೆ," ಎಂದಾಗ ದನಿ ಮೆತ್ತಗಾಯಿತು. "ಅವನನ್ನು ನೀವ್ಯಾರೂ ನೋಡಿಲ್ಲ. ಇಪ್ಪತ್ತೆರಡು ವರ್ಷ ನನ್ನ ದನಿಯನ್ನು ನಿಮ್ಮ ಮನೆಗೆ ಮುಟ್ಟಿಸಿದವನು, ನನ್ನ..."

ಇವನು ಪ್ರಸಾರ ನಿಲ್ಲಿಸುವ ಕೆಂಪು ಗುಂಡಿ ಒತ್ತಿದ. ಮೀಟರಿನ ಮುಳ್ಳು ಮೆಲ್ಲಗೆ ಇಳಿದು ಸೊನ್ನೆಯ ಮೇಲೆ ಕೂತಿತು.