ಅರ್ಧ ನಿಮಿಷದ ಸ್ಯಾಕ್ಸೊಫೋನ್

ಒರೆಸಿದಷ್ಟೂ ಹತ್ತಿ ಕಪ್ಪಾಗುತ್ತಿತ್ತು. ‘ಅಬ್ಬಬ್ಬಾ, ತೊಂಬತ್ತು ವರ್ಷದ ಕೊಳೆ!’ ಎಂದುಕೊಂಡ ರೀಮಾ ಇನ್ನಷ್ಟು ಸ್ಪಿರಿಟ್ ಸುರಿದು, ನಡುವೆ ಬಳೆಯಂತೆ ಬೂಷ್ಟು ಹಿಡಿದ ಜಾಗವನ್ನು ಸುತ್ತಲೂ ಗಸಗಸ ತಿಕ್ಕಿದಳು. ಇಪ್ಪತ್ತೆಂಟು ವರ್ಷ ಲಂಡನ್ನಿನ ಆಸ್ಪತ್ರೆಗಳಲ್ಲಿ ನರ್ಸಾಗಿದ್ದವಳು. ಕತ್ತರಿಯಾಗಲಿ, ಟ್ರೇಯಾಗಲಿ, ಮನೆಯ ಟಿವಿ ರಿಮೋಟಾಗಲಿ, ಸ್ಪಿರಿಟ್ ಸೋಕದೆ ಅವಳ ಕೈ ದಾಟಿದ್ದಿಲ್ಲ. ಈ ಗ್ರಾಮಫೋನ್ ತಟ್ಟೆಯನ್ನು ಬಿಟ್ಟಾಳೆಯೇ?

ತಟ್ಟೆ ಒಣಗಿತು. ಹೊಳಪಿದ್ದ ಕಡೆ ಬೂದಿಬಣ್ಣ. ಬೆರಳಾಡಿಸಿ ನೋಡಿದಳು. ಅಲ್ಲಿ ಗೆರೆಗಳೇ ಇರಲಿಲ್ಲ, ನುಣ್ಣಗಿತ್ತು.

ಪಕ್ಕದ ಕೋಣೆಯಲ್ಲಿ ಮಲಗಿದ್ದವರು ಅವಳ ತಂದೆ ಝೇವಿಯರ್. ಉಡುಪಿಯಲ್ಲಿ ಕನ್ನಡ ಮಾಸ್ಟ್ರಾಗಿದ್ದು, ನಿವೃತ್ತರಾದ ಮೇಲೆ ಲಂಡನ್ನಿನ ಕ್ವೀನ್ಸ್‌ಬರಿಯ ಮಗಳ ಮನೆ ಸೇರಿದವರು. ಎಂಬತ್ತೆಂಟು ವರ್ಷ. ಭಾನುವಾರದವರೆಗೆ ಇದ್ದರೆ ಹೆಚ್ಚು ಎಂದು ಡಾಕ್ಟರು ಬೆಳಿಗ್ಗೆ ಹೇಳಿ ಹೋಗಿದ್ದರು. ಅವರಿಗೆ ಉಳಿದಿದ್ದ ಆಸೆ ಒಂದೇ: ತನ್ನ ತಂದೆ ಊದಿದ್ದನ್ನು ಒಮ್ಮೆ ಕೇಳಬೇಕು.

ಆ ತಂದೆ, ಅಂದರೆ ರೀಮಾಳ ಅಜ್ಜ, ಹಡಗಿನ ಬ್ಯಾಂಡಿನಲ್ಲಿ ಸ್ಯಾಕ್ಸೊಫೋನ್ ಊದುತ್ತ ಲಂಡನ್ನಿಗೆ ಬಂದು, ಬರ್ಟಿ ಕ್ಲೇವರಿಂಗ್ ಎಂಬವನ ಡಾನ್ಸ್ ಬ್ಯಾಂಡ್ ಸೇರಿದ್ದರು. ೧೯೩೩ರಲ್ಲಿ ಒಂದು ರೆಕಾರ್ಡಿನಲ್ಲಿ ಹಾಡಿನ ನಟ್ಟನಡುವೆ ಅರ್ಧ ನಿಮಿಷ ಒಬ್ಬರೇ ಊದಿದರು. ಆಗಿನ ರೂಢಿ ನೋಡಿ, ಹನ್ನೆರಡು ಜನ ಊದಿ ಬಡಿದು ಬೆವರು ಸುರಿಸಿದರೂ ಲೇಬಲ್ಲಿನ ಮೇಲೆ ಯಜಮಾನನ ಹೆಸರೊಂದೇ. ಮದುವೆಯೂಟ ಬಡಿಸಿದವರ ಹೆಸರು ಯಾರು ಕೇಳುತ್ತಾರೆ! ಎರಡೇ ವರ್ಷಕ್ಕೆ ಕ್ಷಯ ಹಿಡಿದು ಅಜ್ಜ ಊರಿಗೆ ಮರಳಿದರು. ಊದಲು ಉಸಿರಿಲ್ಲ. ಸಂಜೆಯಾದರೆ ಮಗ ಝೇವಿಯರನ ತೋಳನ್ನೇ ವಾದ್ಯ ಮಾಡಿಕೊಂಡು ಅದೇ ಅರ್ಧ ನಿಮಿಷವನ್ನು ಬೆರಳುಗಳಲ್ಲಿ ನುಡಿಸುತ್ತಿದ್ದರು. ಮಗನಿಗೆ ಆ ಬೆರಳಾಟ ಪೂರಾ ಬಾಯಿಪಾಠ. ಕಿವಿಗೆ ಮಾತ್ರ ಒಂದು ದಿನವೂ ಬೀಳಲಿಲ್ಲ.

ಅಜ್ಜನ ಪ್ರಾರ್ಥನೆ ಪುಸ್ತಕದಲ್ಲಿ ಬರೆದಿದ್ದ ರೆಕಾರ್ಡಿನ ನಂಬರು ಹಿಡಿದು ರೀಮಾ ಹನ್ನೊಂದು ವರ್ಷ ಹುಡುಕಿದ್ದಳು. ಮೊನ್ನೆ ಪಿನ್ನರ್‌ನ ಒಬ್ಬ ಮುದುಕನ ಸಂಗ್ರಹದಲ್ಲಿ ಸಿಕ್ಕಿತ್ತು. ಈಗ ಅವನಿಗೇ ಫೋನು ಮಾಡಿದಳು.

“ಸ್ಪಿರಿಟ್ಟಾ?” ಎಂದ ಅವನು. “ಅದು ಅರಗಿನ ತಟ್ಟೆ. ಸ್ಪಿರಿಟ್ಟಿಗೆ ಕರಗುತ್ತದೆ. ನೀರಿನಲ್ಲಿ ಒರೆಸಬೇಕಿತ್ತು.”

“ಇನ್ನೊಂದು ಎಲ್ಲಾದರೂ ಉಂಟಾ? ಎಲ್ಲಿದ್ದರೂ ಹೋಗಿ ತರ್ತೇನೆ.”

“ನಲವತ್ತು ವರ್ಷದಲ್ಲಿ ನಾನು ಕಂಡದ್ದು ಅದೊಂದೇ.”

ನನ್ನ ಕೈಗಿಷ್ಟು ಬೆಂಕಿ ಹಾಕ! ರೀಮಾ ಹಣೆ ಹಣೆ ಚಚ್ಚಿಕೊಂಡಳು. ಕೊಳೆಯೆಂದು ಅವಳು ಒರೆಸಿ ಒರೆಸಿ ಎಸೆದದ್ದು ಅಜ್ಜನನ್ನೇ. ಕಸದ ಬುಟ್ಟಿಯಲ್ಲಿ ಕರಿ ಹತ್ತಿಯುಂಡೆಗಳು ಬಿದ್ದಿದ್ದವು. ಮೊಬೈಲಿನಲ್ಲಿ ಆ ಕಾಲದ ಬೇರೆ ಬ್ಯಾಂಡುಗಳ ಸ್ಯಾಕ್ಸೊಫೋನ್ ಬೇಕಾದಷ್ಟಿತ್ತು. ಯಾವುದೋ ಒಂದನ್ನು ಹಾಕಿದರೆ ಪಪ್ಪನಿಗೆ ಗೊತ್ತಾಗುವುದಾದರೂ ಹೇಗೆ? ಹೆಬ್ಬೆರಳು ಒತ್ತಲು ಹೋಗಿ ನಿಂತಿತು. ಛೇ, ಸಾಯುವ ಅಪ್ಪನಿಗೆ ಇನ್ಯಾರದೋ ಅಪ್ಪನನ್ನು ಕೇಳಿಸುವುದೇ?

“ರೀಮಾ! ಎಂತ ತಡ ಮಾರಾಯ್ತಿ? ಹಾಕು!” ಒಳಗಿನಿಂದ ಕ್ಷೀಣ ದನಿ ಬಂತು.

ಅವಳು ಹೋಗಿ ಮಂಚದ ಪಕ್ಕ ಕುಕ್ಕರಿಸಿ ಎಲ್ಲ ಹೇಳಿದಳು. ಮಾತಿಗಿಂತ ಅಳುವೇ ಹೆಚ್ಚಾಯಿತು. ಝೇವಿಯರ್ ಸೀಲಿಂಗು ನೋಡುತ್ತ ಮಲಗಿದ್ದರು. ಬೈದಿದ್ದರೆ ಅವಳಿಗೆ ಹಾಯೆನಿಸುತ್ತಿತ್ತು.

“ಎಷ್ಟುಂಟೋ ಅಷ್ಟು ಹಾಕು,” ಎಂದರು.

ಮಂಚದ ಪಕ್ಕದ ಗ್ರಾಮಫೋನಿನಲ್ಲಿ ತಟ್ಟೆ ತಿರುಗಿತು. ಪಿಟೀಲುಗಳು ಬಂದವು, ಡ್ರಮ್ಮು ಬಂತು, ಯಾವನೋ ಒಬ್ಬ ಮೂಗಿನಲ್ಲಿ ಒಂದು ಚರಣ ಹಾಡಿ ಮುಗಿಸಿದ. ಆಮೇಲೆ ಬರೀ ಸೊರಸೊರ, ಒಗ್ಗರಣೆಗೆ ನೀರು ಬಿದ್ದ ಹಾಗೆ. ಝೇವಿಯರ್ ತಟ್ಟನೆ ಕೈ ಚಾಚಿ ಮಗಳ ತೋಳು ಹಿಡಿದುಕೊಂಡರು. ಮೂಳೆ ಚಕ್ಕಳವಾಗಿದ್ದ ಬೆರಳುಗಳು ಒತ್ತಿದವು, ಎತ್ತಿದವು, ಸರಸರ ಇಳಿದವು, ಒಂದು ಕಡೆ ದೀರ್ಘವಾಗಿ ನಿಂತವು. ರೀಮಾ ಕಣ್ಣು ಮುಚ್ಚಿ ಮೈಯೆಲ್ಲ ಕಿವಿಯಾಗಿ ಕೂತಳು. ‘ದೇವರೇ, ಒಂದು ಸ್ವರ, ಒಂದೇ ಒಂದು!’ ಬೆರಳುಗಳು ನಿಂತದ್ದೂ, ಸೊರಸೊರ ಕಳೆದು ಬ್ಯಾಂಡು ಮತ್ತೆ ಎದ್ದದ್ದೂ ಸರಿಯಾಗಿ ಒಂದೇ ಗಳಿಗೆಗೆ.

“ಕೇಳಿಸಿತಾ ನಿಂಗೆ?” ಅವರು ಆಸೆಯಿಂದ ಅವಳ ಮುಖ ನೋಡಿದರು.

“ಇಲ್ಲ ಪಪ್ಪ.”

“ನಂಗೂ ಇಲ್ಲ ಮಗಾ,” ಎಂದು ಝೇವಿಯರ್ ಅವಳ ತೋಳು ಬಿಟ್ಟು, ಗೋಡೆಯ ಕಡೆ ಹೊರಳಿದರು.